ಬಂಡೆಯ ಮೇಲೆ ಬಿಟ್ಟ ಚಪ್ಪಲಿ

ಮಧುಗಿರಿ ಬೆಟ್ಟದ ಅರ್ಧದಲ್ಲಿ ನನ್ನ ಕಾಲುಗಳು ನಿಂತೇಬಿಟ್ಟವು. ಮೇಲೆ ನುಣುಪಾದ ಬಂಡೆ, ಅದರಲ್ಲಿ ಬೆರಳೂರುವಷ್ಟೇ ಜಾಗವಿರುವ ಮೆಟ್ಟಿಲು. ಕೆಳಗೆ ಬೆಂಕಿಪೊಟ್ಟಣದಷ್ಟು ಕಾಣುವ ಬಸ್ಸುಗಳು. ಸಾವಿರದ ಒಂಬೈನೂರ ಎಂಬತ್ತರ ಸುಮಾರಿನಲ್ಲಿ ಆ ಊರಿನ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದ ಟೀಚರ್ ನಾನು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಯಜಮಾನರು, "ಸೀರೆ ಉಟ್ಕಂಡು ಹೋದೋರೆಲ್ಲ ಅರ್ಧಕ್ಕೇ ವಾಪಸ್ ಬತ್ತಾರೆ ಮೇಡಂ" ಎಂದು ನಕ್ಕಿದ್ದರು. ಆ ಮಾತು ನಿಜವಾಗುವುದರಲ್ಲಿತ್ತು.

ಆಗ ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತಾ ಬಂದ ಅಜ್ಜಿಯೊಬ್ಬರು ನನ್ನ ಕಾಲನ್ನೇ ನೋಡಿ ಗದರಿದರು.

"ಆ ಚಪ್ಲಿ ಮೊದ್ಲು ಬುಡು ಕಣಮ್ಮ. ಬರಿಗಾಲಾದ್ರೆ ಬಂಡೆ ತಾನೇ ಹಿಡ್ಕಂತದೆ."

ಬಿಟ್ಟೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಜ್ಜಿಯ ಹಿಮ್ಮಡಿಯನ್ನಷ್ಟೇ ನೋಡುತ್ತಾ ಹತ್ತಿದೆ. ತುದಿಯಲ್ಲಿ ನಿಂತು ನಾನು ಹಾಕಿದ ಕೂಗಿಗೆ, ಪಾಳು ಗುಡಿಯ ನೆರಳಲ್ಲಿ ಮಲಗಿದ್ದ ಅವರ ಮೇಕೆ ಬೆಚ್ಚಿ ಎದ್ದು ನಿಂತಿತು!

ಇಳಿಯುವ ಸಂಭ್ರಮದಲ್ಲಿ ಚಪ್ಪಲಿ ಮರೆತೇಹೋಯಿತು. ನೇರ ಹೋಟೆಲಿಗೆ ಹೋಗಿ ಮಸಾಲೆ ದೋಸೆ ಹೇಳಿದೆ. ಯಜಮಾನರು ನನ್ನ ಧೂಳು ಮೆತ್ತಿದ ಬರಿಗಾಲನ್ನು ನೋಡಿದರು. ಅಡುಗೆಮನೆಯತ್ತ ತಿರುಗಿ ಕೂಗಿದರು: "ತುದಿ ಮುಟ್ಟಿ ಬಂದವ್ರೆ ಕಣ್ಲಾ, ಬೆಣ್ಣೆ ಜಾಸ್ತಿ ಹಾಕು!"

ಆ ಚಪ್ಪಲಿಯನ್ನು ಹುಡುಕಿಕೊಂಡು ನಾನು ಹೋಗಲಿಲ್ಲ. ಮರುವರ್ಷ ನಮ್ಮ ಶಾಲೆಯ ಹದಿನಾಲ್ಕು ಹುಡುಗಿಯರ ಚಪ್ಪಲಿಗಳು ಬೆಟ್ಟದ ಬುಡದಲ್ಲಿ ಸಾಲಾಗಿ ಕಾಯುತ್ತಿದ್ದವು. ಅವತ್ತು ಆ ಹೋಟೆಲಿನಲ್ಲಿ ಮಧ್ಯಾಹ್ನಕ್ಕೇ ಬೆಣ್ಣೆ ಖಾಲಿ.