ಮುಕ್ಕಾಲು ಹಾಜರಿ

ನನ್ನ ವಿದ್ಯಾರ್ಥಿವೇತನ ಹೋದದ್ದು ನಾನು ದಡ್ಡಿ ಎಂದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಳಗದಲ್ಲಿ ಇವತ್ತಿಗೂ ‘ಪಾಪ, ಅಕಿಗೆ ಸೈನ್ಸ್ ತಲಿಗೆ ಹತ್ತಲಿಲ್ಲ’ ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಸೈನ್ಸ್ ನನ್ನ ತಲೆಗೆ ಚೆನ್ನಾಗಿಯೇ ಹತ್ತಿತ್ತು. ಅವರ ಕನಿಕರ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಯೇ ಪೈಸೆ ಇನ್ನೂ ಹೊಸದಾಗಿದ್ದ ಕಾಲ ಅದು. ಅಪ್ಪ ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ನನ್ನ ಹಿಂದೆ ಓದುವ ಮಕ್ಕಳು ಇನ್ನೂ ಇದ್ದರು. ಮೆಟ್ರಿಕ್‌ನಲ್ಲಿ ಒಳ್ಳೆಯ ಮಾರ್ಕ್ಸ್ ಬಂದದ್ದಕ್ಕೆ ಸರ್ಕಾರ ನನಗೊಂದು ವಿದ್ಯಾರ್ಥಿವೇತನ ಕೊಟ್ಟಿತು. ಅದಿದ್ದರೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಅಪ್ಪ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು, ನನಗೂ ಗೊತ್ತಿತ್ತು. ಇರಲಿಕ್ಕೆ ಧಾರವಾಡದ ಮಾಳಮಡ್ಡಿಯಲ್ಲಿ ಅಪ್ಪನ ಅಕ್ಕನ ಮನೆಯಿತ್ತು. ಅತ್ತೆಗೆ ಮಕ್ಕಳಿರಲಿಲ್ಲ. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಅವರು ಕಲೆಕ್ಟರ್ ಕಚೇರಿಯಲ್ಲಿ ಗುಮಾಸ್ತರು.

ಮಂಜೂರಿಯ ಪತ್ರ ಬಂದಾಗ ಅಪ್ಪ ಅತ್ತೆಯ ಮನೆಯ ಪಡಸಾಲೆಯಲ್ಲಿ ತೂಗುಮಣೆಯ ಮೇಲೆ ಕೂತು ಅದರೊಳಗಿನ ಕರಾರುಗಳನ್ನು ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಪ್ರತಿ ಪರೀಕ್ಷೆಯಲ್ಲಿ ಪಾಸಾಗಬೇಕು. ನಡತೆ ನೆಟ್ಟಗಿರಬೇಕು. ಪ್ರತಿ ವಿಷಯದಲ್ಲೂ, ಪ್ರಾಕ್ಟಿಕಲ್‌ಗಳಲ್ಲಿ ಬೇರೆಯಾಗಿಯೇ, ಮುಕ್ಕಾಲು ಹಾಜರಿ ಇರಬೇಕು. ಕಡಿಮೆ ಬಿದ್ದರೆ ವೇತನ ನಿಲ್ಲುತ್ತದೆ, ಒಮ್ಮೆ ನಿಂತದ್ದು ಮತ್ತೆ ಶುರುವಾಗುವುದಿಲ್ಲ. ಮಾಮಾ ಎಲೆಗೆ ಸುಣ್ಣ ಹಚ್ಚುತ್ತ, ಹುಡುಗಿ ಶಾಣ್ಯಾ ಇದ್ದಾಳೆ, ಪಾಸಾಗುವುದಕ್ಕೆ ಚಿಂತೆಯಿಲ್ಲ ಎಂದರು.

“ಹಾಜರಿದೇನು, ದಿನಾ ಹೋದ್ರ ಆತು” ಎಂದು ಅಪ್ಪ ನಕ್ಕರು.

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅತ್ತೆ ತಲೆ ಎತ್ತಿ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಇಬ್ಬರಿಗೂ ಒಂದೇ ವಿಷಯ ಹೊಳೆದಿತ್ತು, ಆದರೆ ಅದು ಗಂಡಸರ ಎದುರು ಆಡುವ ಮಾತಲ್ಲ. ಅತ್ತೆ ಮತ್ತೆ ಮೊರದ ಕಡೆ ಬಗ್ಗಿದಳು.

ತಿಂಗಳು ತಿಂಗಳು ಮುಟ್ಟಾದಾಗ ಆ ಮನೆಯಲ್ಲಿ ಹೆಂಗಸರು ಹೊರಗೆ ಕೂಡಬೇಕಿತ್ತು. ಮೂರು ದಿನ ಹಿತ್ತಲ ಕೋಣೆ, ನಾಲ್ಕನೆಯ ದಿನ ತಲೆಯ ಮೇಲೆ ನೀರು. ಆ ನಾಲ್ಕೂ ದಿನ ಬೀದಿಗೆ ಇಳಿಯುವಂತಿಲ್ಲ, ಅಂದ ಮೇಲೆ ಕಾಲೇಜಿನ ಮಾತೆಲ್ಲಿ? ಊರಲ್ಲಿ ಅಮ್ಮನೂ ಇದನ್ನು ಪಾಲಿಸುತ್ತಿದ್ದಳು. ಆದರೆ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರು ಹೆಣ್ಣುಮಕ್ಕಳ ಹಾಜರಿಯನ್ನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಹಿಡಿಯುತ್ತಿದ್ದರು.

ಅತ್ತೆ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹಿತ್ತಲ ಕೋಣೆಗೆ ಬಿಸಿ ಬಿಸಿ ಭಕ್ಕರಿ, ಮೇಲೆ ಒಂದು ಬೆಣ್ಣೆಯ ಮುದ್ದೆ ಇಟ್ಟು ದೂರದಿಂದ ಸರಿಸುತ್ತಿದ್ದಳು. ಹೊಟ್ಟೆನೋವಿಗೆ ಜೀರಿಗೆಯ ಕಷಾಯ ಕೊಡುತ್ತಿದ್ದಳು. ಪುಸ್ತಕ ಮುಟ್ಟಬಹುದೇ ಎಂದು ನಾನು ಕೇಳಿದಾಗ ಅರ್ಧ ದಿನ ವಿಚಾರ ಮಾಡಿ ತೀರ್ಪು ಕೊಟ್ಟಳು. ಸಂಸ್ಕೃತದ್ದು ಬೇಡವೇ ಬೇಡ. ಕನ್ನಡದ್ದೂ ಬೇಡ. ಇಂಗ್ಲಿಷಿನದಾದರೆ ಓದಬಹುದು, ಅದರಲ್ಲಿ ಸರಸ್ವತಿ ಇರುವುದಿಲ್ಲ. ನಾಲ್ಕನೆಯ ದಿನ ಆ ಪುಸ್ತಕಕ್ಕೆ ಬಿಸಿಲು ತೋರಿಸಿ ಒಳಗೆ ತರಬೇಕು. ಹೀಗೆ ನನ್ನ ಕೆಮಿಸ್ಟ್ರಿ ಪುಸ್ತಕ ತಿಂಗಳಿಗೊಮ್ಮೆ ಹಿತ್ತಲ ಗೋಡೆಯ ಮೇಲೆ ಹಪ್ಪಳದ ಹಾಗೆ ಒಣಗುತ್ತಿತ್ತು. ಸಂಸ್ಕೃತದಲ್ಲಿ ನನಗೆ ಯಾವತ್ತೂ ಕಡಿಮೆ ಮಾರ್ಕ್ಸ್ ಬಿದ್ದವು. ಅದರ ಶ್ರೇಯಸ್ಸು ಅತ್ತೆಗೇ ಸೇರಬೇಕು.

ಆ ಗೋಡೆಯಾಚೆಯದು ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಮನೆಯ ಹಿತ್ತಲು. ಅವರ ಸೊಸೆ ಗದಗಿನವಳು, ನನಗಿಂತ ಸ್ವಲ್ಪ ದೊಡ್ಡವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ಸಾಲೆ ಬಿಡಿಸಿ ಮದುವೆ ಮಾಡಿದ್ದರು. ನಮ್ಮಿಬ್ಬರ ದಿನಗಳು ಹೆಚ್ಚುಕಡಿಮೆ ಕೂಡಿಯೇ ಬರುತ್ತಿದ್ದವು. ಅವಳು ಅವರ ಹಿತ್ತಲಲ್ಲಿ ಚಾಪೆ ಹಾಸಿ ಕೂಡುತ್ತಿದ್ದಳು, ನಾನು ನಮ್ಮದರಲ್ಲಿ. ನಡುವೆ ಎದೆಯೆತ್ತರದ ಗೋಡೆ. ಬೇಸರ ಕಳೆಯಲು ಅವಳು ದಿನಾಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಇವತ್ತ ಏನು ತಪ್ಪಿತು?”

ನಾನು ಆ ದಿನದ ಟೈಮ್‌ಟೇಬಲ್ ಒಪ್ಪಿಸುತ್ತಿದ್ದೆ. ಬೆಳಿಗ್ಗೆ ಗಣಿತ, ಆಮೇಲೆ ಇಂಗ್ಲಿಷ್, ಮಧ್ಯಾಹ್ನ ಫಿಸಿಕ್ಸ್. ಅವಳು ಒಂದೊಂದನ್ನೂ ಏನದು, ಎಂಥದು ಎಂದು ಕೇಳುತ್ತಿದ್ದಳು. ನನಗೆ ತಿಳಿದಷ್ಟು ಹೇಳುತ್ತಿದ್ದೆ. ಶುಕ್ರವಾರವಾಗಿದ್ದರೆ ಮಾತ್ರ ನನಗೆ ಮಾತು ಬೇಡವಾಗುತ್ತಿತ್ತು. ಶುಕ್ರವಾರ ಕೆಮಿಸ್ಟ್ರಿ ಪ್ರಾಕ್ಟಿಕಲ್, ವಾರಕ್ಕೆ ಅದೊಂದೇ ದಿನ. ತಿಂಗಳಿಗೆ ಒಂದು ತಪ್ಪಿದರೆ ಮುಕ್ಕಾಲಿನ ಅಂಚಿಗೆ ಬಂದು ನಿಲ್ಲುತ್ತಿದ್ದೆ. ಅದರಾಚೆ ಇನ್ನೊಂದು ತಪ್ಪುವಂತಿರಲಿಲ್ಲ.

ಹಾಸ್ಟೆಲ್ಲಿನ ಹುಡುಗಿಯರಿಗೆ ಈ ಕಾಟವಿರಲಿಲ್ಲ. ನನ್ನ ಪಕ್ಕದಲ್ಲಿ ಕೂಡುತ್ತಿದ್ದವಳೊಬ್ಬಳು, ಮನೆಯಲ್ಲಿ ಹೇಳಲೇಬೇಡ, ಯಾರಿಗೆ ತಿಳಿಯುತ್ತದೆ ಎಂದಳು. ಅವಳಿಗೆ ಮಾಳಮಡ್ಡಿಯ ಮಡಿ ಗೊತ್ತಿರಲಿಲ್ಲ. ಒಗೆದ ಬಟ್ಟೆಯನ್ನು ಎಲ್ಲಿ ಒಣಗಿಸುವುದು? ಆದರೂ ಮೊದಲ ಟರ್ಮಿನಲ್ಲಿ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಒಂದು ಶುಕ್ರವಾರ ತುಟಿ ಪಿಟಕ್ಕೆನ್ನದೆ ಕೊಡೆ ಹಿಡಿದು ಕಾಲೇಜಿಗೆ ಹೋದೆ. ಪ್ರಾಕ್ಟಿಕಲ್ ಮುಗಿಸಿದೆ. ಗಾಜಿನ ನಳಿಗೆಯಲ್ಲಿ ನೀಲಿ ಬಣ್ಣ ಬಂದದ್ದನ್ನು ನೋಡಿ ಕುಣಿಯುವಷ್ಟು ಸಂತೋಷವಾಗಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆಗೆ ಗೊತ್ತಾಗಿತ್ತು. ನಾನು ಬಚ್ಚಿಟ್ಟದ್ದು ಬಚ್ಚಲಲ್ಲೇ ಅವಳ ಕಣ್ಣಿಗೆ ಬಿದ್ದಿತ್ತು. ಅವಳು ಬೈಯಲಿಲ್ಲ. ನಾನು ಬೆಳಿಗ್ಗೆ ಮುಟ್ಟಿದ್ದ ಹಂಡೆ, ಕೊಡಗಳ ನೀರನ್ನೆಲ್ಲ ಚೆಲ್ಲಿ, ಮಳೆಯಲ್ಲಿ ಬಾವಿಯಿಂದ ಹೊಸ ನೀರು ಸೇದಿ, ಮನೆಯನ್ನೆಲ್ಲ ತೊಳೆದು, ತಾನು ಮತ್ತೆ ತಣ್ಣೀರು ಹೊಯ್ದುಕೊಂಡು ದೇವರ ಮುಂದೆ ಕೂತಳು. ಆ ದಿನ ಉಣ್ಣಲಿಲ್ಲ. ಮರುದಿನ ಜ್ವರ ಬಂದು ಮಲಗಿದಳು. ಜ್ವರದಲ್ಲೂ ನನಗೆ ಊಟ ಹಾಕುವಂತೆ ಮಾಮಾನಿಗೆ ಹೇಳಿ ಕಳಿಸಿದಳು. ಒಂದು ಏಟು ಹಾಕಿದ್ದರೂ ನಾನು ತಿರುಗಿ ಬೀಳುತ್ತಿದ್ದೆನೇನೋ. ಆ ಒದ್ದೆ ಸೀರೆಯ ಎದುರು ನನಗೆ ಏನೂ ಮಾಡಲಾಗಲಿಲ್ಲ. ಮತ್ತೆ ಆ ಸಾಹಸಕ್ಕೆ ಹೋಗಲಿಲ್ಲ.

ಮೊದಲ ಟರ್ಮು ಹೇಗೋ ದಾಟಿತು. ಎರಡನೆಯದರಲ್ಲಿ ನನ್ನ ಮೈ ನನಗೇ ಕೈಕೊಟ್ಟಿತು. ಚಿಂತೆಗೋ ಏನೋ, ಒಂದೇ ತಿಂಗಳಲ್ಲಿ ಎರಡು ಸಲ ಹೊರಗೆ ಕೂತೆ. ಎರಡೂ ಸಲ ನಡುವೆ ಶುಕ್ರವಾರ ಬಂತು. ಎರಡನೆಯ ಸಲ ಹಿತ್ತಲ ಕೋಣೆಗೆ ಹೋಗುವಾಗಲೇ ನನಗೆ ಎಲ್ಲ ಮುಗಿಯಿತು ಎನ್ನಿಸಿತ್ತು. ನನ್ನ ಮೈಯನ್ನೇ ನಾನು ಶಪಿಸಿದೆ. ದೇವರನ್ನು ಶಪಿಸುವ ಧೈರ್ಯ ಆಗ ಇರಲಿಲ್ಲ.

ಮಾವು ಹೂಬಿಟ್ಟ ದಿನಗಳಲ್ಲಿ ಕಾಲೇಜಿನ ಹಲಗೆಯ ಮೇಲೆ ಹಾಜರಿ ಕಡಿಮೆ ಬಿದ್ದವರ ನಂಬರುಗಳನ್ನು ಹಚ್ಚಿದರು. ನನ್ನದೂ ಇತ್ತು. ಹೆಡ್‌ಕ್ಲಾರ್ಕ್ ಒಳ್ಳೆಯ ಮನುಷ್ಯ. ಮಾರ್ಕ್ಸ್ ಛಲೋ ಇವೆ, ಪರೀಕ್ಷೆಗೆ ಕೂಡಲು ಅಡ್ಡಿಯಿಲ್ಲ, ವೇತನಕ್ಕೆ ಮಾತ್ರ ಕುತ್ತು ಎಂದು ತಿಳಿಸಿ ಹೇಳಿದ. ತಕ್ಕ ಕಾರಣ ಬರೆದು ಪ್ರಿನ್ಸಿಪಾಲರು ಸಹಿ ಮಾಡಿದರೆ ಕೊರತೆ ಮಾಫಿಯಾಗುತ್ತದೆ, ಡಾಕ್ಟರರ ಸರ್ಟಿಫಿಕೇಟ್ ತಂದರೆ ಕೆಲಸ ಸಲೀಸು ಎಂದೂ ಸೇರಿಸಿದ. ನಾನು ಬಹುತೇಕ ಓಡುತ್ತಲೇ ಮನೆಗೆ ಬಂದೆ.

ಅಪ್ಪನಿಗೆ ಕಾಗದ ಹೋಯಿತು, ಅಪ್ಪ ಬಂದರು. ಮಾಮಾನಿಗೆ ಗುರುತಿನ ಡಾಕ್ಟರರಿದ್ದರು, ಅವರು ಇಲ್ಲವೆನ್ನುತ್ತಿರಲಿಲ್ಲ. ಆದರೆ ಏನು ಬ್ಯಾನಿ ಎಂದು ಬರೆಸುವುದು? ಅಷ್ಟು ವಾರ ಬಿಟ್ಟು ಬಿಟ್ಟು ಬರುವ ಬ್ಯಾನಿ ಎಂದರೆ ಎದೆಯದ್ದೇ ಆಗಬೇಕು, ಇಲ್ಲವೆ ಮೂರ್ಛೆಯದ್ದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆಯ ಒಂದು ಮನೆತನದಿಂದ ಆಗಲೇ ನನ್ನನ್ನು ಮದುವೆಗೆ ಕೇಳಿದ್ದರು. ಅತ್ತೆ ಬಾಗಿಲ ಮರೆಯಿಂದಲೇ ಮಾತು ಮುಗಿಸಿದಳು.

“ಹೆಣ್ಣಿನ ಹೆಸರಿಲೆ ಒಮ್ಮೆ ಬ್ಯಾನಿ ಅಂತ ಕಾಗದದ ಮ್ಯಾಲೆ ಬಿತ್ತಂದ್ರ ಮುಂದ ಯಾರು ಮಾಡ್ಕೋತಾರ?”

ಅಪ್ಪ ತಲೆಯಾಡಿಸಿದರು. ಸುಳ್ಳು ಕಾಗದ ಬರೆಸುವುದು ಅವರಿಗೆ ಮೊದಲೇ ಒಗ್ಗದ ಮಾತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಎದೆರೋಗ ಎಂದೇ ಬರೆಸಿರಿ, ಕುಷ್ಠ ಎಂದಾದರೂ ಬರೆಸಿರಿ ಎನ್ನುತ್ತಿದ್ದೆ.

ಆ ಮಧ್ಯಾಹ್ನ ಗೋಡೆಯ ಹತ್ತಿರ ನಿಂತು ಪ್ರಿನ್ಸಿಪಾಲರ ಸೊಸೆಯನ್ನು ಕರೆದೆ. ನಿಮ್ಮ ಮಾವನವರಿಗೆ ಹೇಗಾದರೂ ಮಾಡಿ ಒಂದು ಮಾತು ತಿಳಿಸಿರಿ ಎಂದೆ. ಅವಳ ಮುಖ ಸಣ್ಣದಾಯಿತು. ಮದುವೆಯಾಗಿ ಬಂದಾಗಿನಿಂದ ಅವಳು ಮಾವನೆದುರು ನಿಂತು ಮಾತಾಡಿದವಳಲ್ಲ. ನೀರು ಬೇಕೇ ಎಂದು ಕೇಳುವುದಿದ್ದರೂ ತನ್ನ ಅತ್ತೆಯ ಮೂಲಕವೇ. ಇನ್ನು ಈ ಮಾತು ಹೇಗೆ ಆಡಲಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ಕೇಳಿದ್ದೇ ತಪ್ಪಾಯಿತು ಎನ್ನಿಸಿತು.

ಮರುದಿನ ಅಪ್ಪ ಬಿಳಿ ಧೋತರ, ಕರಿ ಟೊಪ್ಪಿಗೆ ಹಾಕಿಕೊಂಡು ನನ್ನ ಜೊತೆ ಪ್ರಿನ್ಸಿಪಾಲರ ಕೋಣೆಗೆ ಬಂದರು. ಪ್ರಿನ್ಸಿಪಾಲರು, ಅವರ ಪಕ್ಕದಲ್ಲಿ ಹೆಡ್‌ಕ್ಲಾರ್ಕ್, ಎದುರಿಗೆ ಅಪ್ಪ. ನಾನು ಅಪ್ಪನ ಹಿಂದೆ ನೆಲ ನೋಡುತ್ತ ನಿಂತಿದ್ದೆ. ಪ್ರಿನ್ಸಿಪಾಲರು ಅಪ್ಪನನ್ನು ಕೂಡಿಸಿ ಮಾತಾಡಿಸಿದರು, ಮಗಳು ಜಾಣೆ ಎಂದು ಹೊಗಳಿದರು. ಆಮೇಲೆ ಪೆನ್ನು ತೆಗೆದುಕೊಂಡರು.

“ಏನರೆ ಒಂದು ಕಾರಣ ಹೇಳ್ರಿ ಮಾಸ್ತರ, ಬರಕೊಂಡು ಸಹಿ ಮಾಡತೇನಿ.”

“ಮನಿ ಕಡೆ ತ್ರಾಸು ಇತ್ರಿ” ಎಂದರು ಅಪ್ಪ.

“ಎಂಥಾ ತ್ರಾಸು?”

ಅಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹೆಡ್‌ಕ್ಲಾರ್ಕ್ ಹಾಜರಿಯ ಹಾಳೆಯನ್ನು ಮುಂದೆ ಸರಿಸಿ, ತಪ್ಪಿದ ದಿನಗಳ ಮೇಲೆ ಬೆರಳಾಡಿಸಿದ. ತಿಂಗಳು ತಿಂಗಳಿಗೆ ನಾಲ್ಕು ನಾಲ್ಕಾಗಿ ಸಾಲು ಹಿಡಿದು ಬಂದ ಗೈರುಹಾಜರಿ. ಪ್ರಿನ್ಸಿಪಾಲರು ಅದನ್ನು ನೋಡಿದರು, ಮತ್ತೊಮ್ಮೆ ನೋಡಿದರು. ಅವರ ಕಿವಿ ಕೆಂಪಾದದ್ದು ನನಗೆ ಕಂಡಿತು. ಅವರಿಗೆ ತಿಳಿಯಿತು. ಹೆಡ್‌ಕ್ಲಾರ್ಕನಿಗೆ ಮೊದಲೇ ತಿಳಿದಿರಬೇಕು, ಅವನು ಕಿಟಕಿಯ ಕಡೆ ಮುಖ ಮಾಡಿದ. ಆ ಮೂವರ ಮನೆಗಳಲ್ಲೂ ಹಿತ್ತಲಿತ್ತು, ಹಿತ್ತಲಲ್ಲಿ ಚಾಪೆಯಿತ್ತು. ದೂರದಿಂದ ಊಟದ ತಟ್ಟೆ ಸರಿಸುವುದನ್ನು ಹುಟ್ಟಿದಾಗಿನಿಂದ ನೋಡಿದವರೇ ಅವರೆಲ್ಲ. ನಾನು ಮನಸ್ಸಿನಲ್ಲಿ ಒಂದೇ ಸಮನೆ ಬೇಡಿಕೊಂಡೆ, ಯಾರಾದರೊಬ್ಬರು ಹೇಳಿರಿ, ಹೇಳಿಬಿಡಿರಿ ಎಂದು. ನಾನೇ ಹೇಳಬೇಕೆಂದು ಬಾಯಿ ತೆರೆದೆ. ಅಪ್ಪ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಅಂಗಲಾಚಿ ನೋಡಿದರು. ತೆರೆದ ಬಾಯಿ ಮುಚ್ಚಿಕೊಂಡೆ.

ಪ್ರಿನ್ಸಿಪಾಲರು ಪೆನ್ನಿನ ಟೊಪ್ಪಿಗೆ ಹಾಕಿದರು.

“ಬರಿಯೂವಂಥಾ ಕಾರಣ ಇಲ್ಲಲಾ ಮಾಸ್ತರ. ನಾ ಏನ ಮಾಡ್ಲಿ?”

ಅಪ್ಪ ಎದ್ದು ನಮಸ್ಕಾರ ಮಾಡಿದರು. ಮನೆಗೆ ಬರುವಾಗ ಬಜಾರಿನಲ್ಲಿ ನನಗೆ ಪೇಢೆ ಕೊಡಿಸಿದರು. ಅದನ್ನು ಬಾಯಲ್ಲಿಟ್ಟುಕೊಂಡು ನಾನು ಅತ್ತುಬಿಟ್ಟೆ. ಅವರು ನೋಡದವರ ಹಾಗೆ ಮುಂದೆ ಮುಂದೆ ನಡೆದರು.

ಆ ವರ್ಷದ ಪರೀಕ್ಷೆಗೆ ಕೂತೆ. ಫಸ್ಟ್ ಕ್ಲಾಸು ಬಂತು, ಕೆಮಿಸ್ಟ್ರಿಯಲ್ಲಿ ಎಲ್ಲಕ್ಕಿಂತ ಹೆಚ್ಚು. ಆದರೆ ಮುಂದಿನ ವರ್ಷದ ಫೀ ಕಟ್ಟುವವರಿರಲಿಲ್ಲ. ಅಪ್ಪ ಒಂದೆರಡು ಕಡೆ ಕೈಯೊಡ್ಡಿ ನೋಡಿ ಕೈಚೆಲ್ಲಿದರು. ಹುಬ್ಬಳ್ಳಿಯವರು ನೋಡಲು ಬರುತ್ತಾರೆಂದು ನನ್ನನ್ನು ಅತ್ತೆಯ ಮನೆಯಲ್ಲೇ ಇಟ್ಟರು. ಜೂನಿನಲ್ಲಿ ಮಿರಗದ ಮಳೆಯೊಂದಿಗೆ ಕಾಲೇಜು ಶುರುವಾಯಿತು. ಕೊಡೆ ಹಿಡಿದ ಹುಡುಗಿಯರು ಕೆಂಪು ಕೆಸರು ತುಳಿಯುತ್ತ ನಮ್ಮ ಓಣಿಯಿಂದಲೇ ಹೋಗುತ್ತಿದ್ದರು. ನಾನು ಕಿಟಕಿಯ ಕಡೆ ಹೋಗುವುದನ್ನೇ ಬಿಟ್ಟೆ. ಆ ದಿನಗಳಲ್ಲಿ ಬದುಕುವ ಆಸೆಯೇ ನನಗೆ ಇರಲಿಲ್ಲ.

ಮರುವಾರ ಹೊರಗೆ ಕೂತೆ. ಅತ್ತೆ ಬೆಣ್ಣೆ ಹಾಕಿದ ಭಕ್ಕರಿ ಸರಿಸಿದಳು. ಇಂಗ್ಲಿಷ್ ಪುಸ್ತಕ ತಂದುಕೊಡಲೇ ಎಂದು ತಾನಾಗಿಯೇ ಕೇಳಿದಳು. ಬೇಡವೆಂದೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಗೋಡೆಯಾಚೆ ಚಾಪೆ ಹಾಸಿದ ಸಪ್ಪಳವಾಯಿತು, ಬಳೆ ಸದ್ದಾಯಿತು. ಪ್ರಿನ್ಸಿಪಾಲರ ಸೊಸೆ ತವರಿನಿಂದ ಹಿಂದಿನ ದಿನವಷ್ಟೇ ಬಂದಿದ್ದಳು. ನಾನು ಕಾಲೇಜು ಬಿಟ್ಟ ಸುದ್ದಿ ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

“ಇವತ್ತ ಏನು ತಪ್ಪಿತು?” ಎಂದು ಎಂದಿನಂತೆ ನಗುತ್ತ ಕೇಳಿದಳು.

“ಏನೂ ಇಲ್ರಿ” ಎಂದೆ.

ಅವಳು ಎದ್ದು ಗೋಡೆಯ ಮೇಲಿಂದ ನನ್ನ ಮುಖ ನೋಡಿದಳು. ಆಮೇಲೆ ಹೋಗಿ ತನ್ನ ಚಾಪೆಯ ಮೇಲೆ ಕೂತಳು. ಆ ಪ್ರಶ್ನೆಯನ್ನು ಅವಳು ನನಗೆ ಮತ್ತೆ ಕೇಳಲಿಲ್ಲ.