ಹೆಗಲ ಹಲಗೆ ಇಲ್ಲದ ತೋಳು

ಬೆಳಗಿನ ಆರು ಗಂಟೆ. ಬಿಷ್ಕೆಕ್‌ನ ಕ್ಯಾನ್ಸರ್ ಆಸ್ಪತ್ರೆಯೊಂದರ ವ್ಯಾಯಾಮದ ಕೋಣೆಯಲ್ಲಿ ಅಂಗ ವ್ಯಾಯಾಮ ಮಾಡಿಸುವ ಚಿಕಿತ್ಸಕಿ ಬುರುಲ್ಚಾ ಮರದ ಪೀಪಾಯಿಗೆ ನೀರು ಸುರಿಯುತ್ತಿದ್ದಾರೆ. ಕುದುರೆ ಹಾಲು ಕಡೆಯುವ ಪೀಪಾಯಿ ಅದು. ಕಡಗೋಲಿನ ಸಮೇತ ಅತ್ತೆಮನೆಯಿಂದ ಹೊತ್ತು ತಂದದ್ದು.

"ಎಳೆಯೋಕೆ ರಬ್ಬರ್ ಪಟ್ಟಿ ಕೊಟ್ರೆ ನಮ್ಮ ಜನ ನಾಚ್ಕೋತಾರೆ. ಇದಾದ್ರೆ ಕೈ ತಾನಾಗೇ ಹೋಗುತ್ತೆ."

ನಲವತ್ತೆಂಟರ ಬುರುಲ್ಚಾಗೆ ಇಲ್ಲಿ ಇದು ಇಪ್ಪತ್ತೆರಡನೇ ವರ್ಷ. ದಿನಕ್ಕೆ ಹದಿನಾಲ್ಕು ರೋಗಿಗಳು. ಅವರಲ್ಲಿ ಕೆಲವರು ಗೆಡ್ಡೆ ಬೆಳೆದ ಹೆಗಲ ಹಲಗೆಯ ಮೂಳೆಯನ್ನೇ ಕಳೆದುಕೊಂಡವರು. ಬೆನ್ನಿನ ಒಂದು ಬದಿ ಚಪ್ಪಟೆ, ತೋಳು ಬರೀ ಮಾಂಸದ ಆಸರೆಯಲ್ಲಿ ಜೋತಾಡುತ್ತದೆ. "ತೋಳು ತಲೆ ಮೇಲಕ್ಕೆ ಏರಲ್ಲ ಅಂತ ಮೊದಲ ದಿನವೇ ಹೇಳಿಬಿಡ್ತೀನಿ. ಆದ್ರೆ ಮೊಣಕೈ ನಿಮ್ಮದೇ, ಬೆರಳು ನಿಮ್ಮದೇ. ಬಟ್ಟಲು ಬಾಯಿಗೆ ಬರುತ್ತೆ." ಮೊದಲ ಕೆಲವು ತಿಂಗಳು ಆಡಿಸದೆ ಬಿಟ್ಟರೆ ಮಾತ್ರ ತೋಳು ಬಿಗಿದುಕೊಂಡು, ಅದೂ ದಕ್ಕುವುದಿಲ್ಲ.

ಅದಕ್ಕೇ ನಾರಿನ್ ಕಡೆಯ ಕುರಿಗಾಹಿ ಎಸೆನ್‌ಕುಲ್ ಅವರನ್ನು ಕಂಡರೆ ಇವರಿಗೆ ಆತಂಕ. ಬಲ ಹೆಗಲ ಹಲಗೆ ತೆಗೆದು ಆರು ವಾರ. ಅವರು ಕಡಗೋಲು ಮುಟ್ಟುವುದೇ ಇಲ್ಲ.

"ತೋಳನ ಹಿಂದೆ ಓಡಿದ ಗಂಡಸು, ಕಡಗೋಲಿಗೆ ಹೆದರ್ತಾನೆ ನೋಡಮ್ಮ," ಎಂದು ಹೆಂಡತಿ ಜಿಪರ್ ಚುಚ್ಚುತ್ತಾರೆ.

ಎಸೆನ್‌ಕುಲ್ ತಲೆಯೆತ್ತುವುದಿಲ್ಲ. "ತಂಗಿ, ಒಂದು ಕೇಳ್ತೀನಿ, ನಗಬಾರದು. ಕುರಿಯ ಹೆಗಲ ಹಲಗೆ ತಿಂದಾದ್ಮೇಲೆ ಮೂಳೇನ ತೂತು ಮಾಡ್ದೆ ಎಸೀತೀವಾ? ಇಡಿಯಾಗಿ ಎಸೆದ್ರೆ ಮನೆಗೆ ಕೇಡು. ನನ್ನದನ್ನ ಡಾಕ್ಟರು ತೂತು ಮಾಡಿದ್ರಾ?"

ಬುರುಲ್ಚಾ ಕೈಯಲ್ಲಿನ ಬಕೆಟ್ ನಿಂತಲ್ಲೇ ನಿಲ್ಲುತ್ತದೆ. ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅವರಿಗೆ ಉತ್ತರ ಗೊತ್ತಿಲ್ಲ. ಬಕೆಟ್ ಇಟ್ಟು, ಮೂರು ಮಹಡಿ ಹತ್ತಿ ಪ್ರಯೋಗಾಲಯಕ್ಕೆ ಹೋಗುತ್ತಾರೆ. ಏದುಸಿರು ಬಿಡುತ್ತ ಮರಳುತ್ತಾರೆ.

"ಗೆಡ್ಡೆ ಪರೀಕ್ಷೆಗೆ ಅಂತ ಗರಗಸದಲ್ಲಿ ಕೊಯ್ದಿದ್ದಾರೆ, ಅಣ್ಣ. ಐದು ಹೋಳು. ಬರೆದಿಟ್ಟದ್ದನ್ನ ನಾನೇ ಓದಿದೆ."

"ಐದಾ?"

"ಐದು."

"ನಿಮ್ಮಪ್ಪ ಒಂದೇ ತೂತು ಮಾಡ್ತಿದ್ರು," ಜಿಪರ್ ಬಾಯಿ ಹಾಕುತ್ತಾರೆ. "ಐದು ಹೋಳು ಸಾಲ್ದಾ ನಿಂಗೆ?"

ಎಸೆನ್‌ಕುಲ್ ಮುಖದಲ್ಲಿ ನಗು ಒಡೆಯುತ್ತದೆ. ಎಡಗೈಯಿಂದ ಬಲಗೈಯನ್ನು ಎತ್ತಿ ಕಡಗೋಲಿನ ಮೇಲಿಡುತ್ತಾರೆ. ನೀರು ಗುಳಗುಳ ಎನ್ನುತ್ತದೆ. ಹನ್ನೊಂದು ಸಲ ಕಡೆಯುವಷ್ಟರಲ್ಲಿ ಅಂಗಿ ಒದ್ದೆ. "ಬೆಣ್ಣೆ ಬರಲ್ವಲ್ಲ ತಂಗಿ!" ಎಂದು ದೂರುತ್ತ ಹನ್ನೆರಡನೆಯದಕ್ಕೆ ಕೈ ಹಾಕುತ್ತಾರೆ.

ಗಂಡ ಹೆಂಡತಿ ಹೋದ ಮೇಲೆ ಬುರುಲ್ಚಾ ಹಳೆಯ ರೋಗಿಗಳ ದಾಖಲೆ ಪುಸ್ತಕ ತೆರೆಯುತ್ತಾರೆ. ಮುಂದಿಟ್ಟ ಚಹಾ ಆರಿದೆ.

"ನಮ್ಮನೇಲೂ ನಾನು ಚಾಕು ತೂರಿಸಿಯೇ ಎಸೆಯೋದು. ರೋಗಿಗಳಿಗೂ ಈ ಭಯ ಇರಬಹುದು ಅಂತ ಇಷ್ಟು ವರ್ಷ ಇಲ್ಲಿ ನಿಂತು ನಂಗೇ ಹೊಳೀಲಿಲ್ಲವಲ್ಲ!" ಕೈ ಆಡಿಸದೆ, ಬಟ್ಟೆಯಲ್ಲಿ ಕಟ್ಟಿಕೊಂಡೇ ಊರಿಗೆ ಹೋದವರು ಏಳು ಮಂದಿ. ಅವರ ಹೆಸರಿನ ಮುಂದೆ 'ಸೋಮಾರಿ' ಎಂದು ಬರೆದದ್ದು ಇವರದೇ ಕೈ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಆ ಹೆಸರುಗಳ ಮೇಲೆ ಬೆರಳಾಡಿಸುತ್ತಾರೆ.

"ಬೇಸಿಗೆಯಲ್ಲಿ ಹತ್ತು ದಿನ ರಜೆ ಸಿಕ್ಕರೆ ಆ ಏಳು ಮನೆಗೂ ಹೋಗ್ಬೇಕು. ಕೈ ಎಷ್ಟು ಉಳಿದಿದೆ ಅಂತ ಆಮೇಲೆ ನೋಡ್ತೀನಿ. ಮೊದಲು ಕ್ಷಮೆ ಕೇಳ್ಬೇಕು."