ಸಂಜಿಗೆ ಎಲ್ಲಿಗೆ?

ಕಪಾಟಿನಲ್ಲಿ ಹಳೆಯ ರೇಷ್ಮೆ ಸೀರೆ ಹುಡುಕುತ್ತಿದ್ದೆ. ನುಸಿಗುಳಿಗೆಯ ವಾಸನೆಯ ಜೊತೆ ಕೈಗೆ ಬಂದದ್ದು ಗದುಗಿನ ಕಾಲೇಜಿನ ನನ್ನ ಐಡೆಂಟಿಟಿ ಕಾರ್ಡು. ಫೋಟೋದಲ್ಲಿ ಅರವತ್ತೊಂದರ ಮುದುಕಿ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ನೋಡುತ್ತಿದ್ದಾಳೆ. ಕೆಳಗೆ ಕೋರ್ಸಿನ ಹೆಸರು: ಇನ್ಫರ್ಮೇಶನ್ ಸೆಕ್ಯುರಿಟಿ. ನಗಬೇಡಿ, ನಾನೇ ಸಾಕಷ್ಟು ನಕ್ಕಾಗಿದೆ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೆ ಕಲಿಸಿದ್ದು ಎರಡು: ಬೆನ್ನು ನೆಟ್ಟಗಿಟ್ಟು ಕೂರುವುದು, ತಪ್ಪು ಕಂಡಲ್ಲಿ ತಿದ್ದುವುದು. ಮೊದಲನೆಯದು ವಯಸ್ಸಿನೊಡನೆ ಹೋಯಿತು. ಎರಡನೆಯದು ಮದುವೆಯಾಗಿ ನನ್ನ ಜೊತೆಗೇ ಶಿರಹಟ್ಟಿಗೆ ಬಂತು. ನಮ್ಮ ಯಜಮಾನರು ಸರ್ವೇಯರ್. ಜಿಲ್ಲೆ ಬೇರೆಯಾದಾಗ ಧಾರವಾಡದಿಂದ ಗದುಗಿಗೆ ಕಡತ ಹೊತ್ತು ತಂದವರಲ್ಲಿ ಒಬ್ಬರು. "ಮನಿಗೆ ಯಾರೋ ಬಂದಾರ ನೋಡ," ಅಂದರೆ ನಾನು, "ಮನೆಗೆ, ಮನೆಗೆ! ಪ್ಲೀಸ್," ಅನ್ನುತ್ತಿದ್ದೆ. ಗೆಳತಿಯರ ಮುಂದೆಯೂ. ಅವರು ಟೀಚರ ಮುಂದಿನ ಶಾಲೆ ಹುಡುಗನಂತೆ ಕೈಕಟ್ಟಿ, "ಆತ್ರೀ ಬಾಯಾರ," ಎಂದು ನಗುತ್ತಿದ್ದರು.

ರಿಟೈರಾದ ಮೇಲೆ ಆ ನಗು ಕಡಿಮೆಯಾಯಿತು, ಮಾತೂ. ಒಂದು ಲ್ಯಾಪ್‌ಟಾಪ್ ತಂದು ಅದರ ಮುಂದೆ ಕೂತರು. "ಏನು ಟೈಪ್ ಮಾಡ್ತೀರಿ?" ಅಂದರೆ "ಏನಿಲ್ಲ." ವಯಸ್ಸು ಅಂದುಕೊಂಡೆ. ಒಂದು ಮಧ್ಯಾಹ್ನ ಊಟಕ್ಕೆ ಕರೆದರೆ ಏಳಲಿಲ್ಲ.

ಅವರು ಹೋದ ಮೇಲೆ ನನಗೆ ಬೇಕಾದದ್ದು ಒಂದೇ: ನನ್ನ ಜೊತೆ ಆಡದೆ ಬಿಟ್ಟ ಮಾತನ್ನು ಆ ಮಷೀನಿನೊಡನೆ ಏನೆಂದು ಆಡಿದರು? ತೆರೆಯಹೋದರೆ ಪಾಸ್‌ವರ್ಡ್. ಅದರ ಕೆಳಗೆ ಅವರೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಸುಳಿವು: 'ಸಂಜಿಗೆ ಎಲ್ಲಿಗೆ?' ಮನೆಗೆ, ಮತ್ತೆಲ್ಲಿಗೆ ಅಂದುಕೊಂಡು ಸ್ಪೆಲಿಂಗ್ ತಪ್ಪದೆ ಹೊಡೆದೆ. ತೆರೆಯಲಿಲ್ಲ. ಅವರು ಹಕ್ಕಿ ನೋಡಲು ಹೋಗುತ್ತಿದ್ದ ಮಾಗಡಿ ಕೆರೆಯ ಹೆಸರೂ ಆಯಿತು. ರಿಪೇರಿ ಅಂಗಡಿಯವರು, "ಫಾರ್ಮ್ಯಾಟ್ ಹೊಡದ್ರ ಚಾಲೂ ಆಕ್ಕೈತ್ರಿ. ಒಳಗಿಂದು ಏನೂ ಉಳಿಯಂಗಿಲ್ಲ," ಅಂದರು. ಅದಕ್ಕೇ ಕಾಲೇಜು ಸೇರಿದೆ.

"ಅಮ್ಮಾರ, ಯಾರ ಅಕೌಂಟ್ ಹ್ಯಾಕ್ ಮಾಡೋರದೀರಿ?" ಎಂದು ಕ್ಲಾಸಿನ ಹುಡುಗಿಯರು ಕೇಳಿದರು. "ಗಂಡಂದು," ಅಂದೆ. ಹೋ ಎಂದು ನಕ್ಕರು. ನಗದಿದ್ದವರು ಲೆಕ್ಚರರ್ ರುಬೀನಾ ಮೇಡಂ ಒಬ್ಬರೇ. ಲಕ್ಷ್ಮೇಶ್ವರದವರು, ನನ್ನ ಅರ್ಧ ವಯಸ್ಸು. ಕ್ಲಾಸ್ ಮುಗಿದ ಮೇಲೆ ನನ್ನ ಬೆಂಚಿಗೇ ಬಂದು ಕೂತರು. ಸುಳಿವನ್ನು ಬರೆದು ತೋರಿಸಿದೆ.

"ನೀವು ಏನ್ ಹೊಡದ್ರಿ?"

"ಮನೆಗೆ."

"ಅಮ್ಮಾ, ಅದು ನಿಮ್ಮ ಪಾಸ್‌ವರ್ಡ್ ಆತು. ಮಂದಿ ಹೆಂಗ ಮಾತಾಡ್ತಾರೋ ಹಂಗ ಇಡ್ತಾರ. 'ಸಂಜಿಗೆ' ಅಂತ ಬರದಾರ, ನೋಡೀರಿಲ್ಲೋ?"

ನೋಡಿದ್ದೆ. ನೋಡಿ, ಮನಸ್ಸಿನಲ್ಲೇ 'ಸಂಜೆಗೆ' ಎಂದು ತಿದ್ದಿಕೊಂಡಿದ್ದೆ.

ಶಿರಹಟ್ಟಿ ಬಸ್ಸು ಎಂದೂ ಅಷ್ಟು ನಿಧಾನ ಹೋಗಿರಲಿಲ್ಲ. ಚಪ್ಪಲಿ ಬಿಡದೆ ಒಳಗೆ ಹೋಗಿ 'ಮನಿಗೆ' ಎಂದು ಹೊಡೆದೆ. ತೆರೆಯಿತು.

ಒಳಗೆ ಒಂದೇ ಫೈಲು, ಎರಡು ಕಾಲಂ. ಎಡಕ್ಕೆ ಮನಿ, ಬಲಕ್ಕೆ ಮನೆ. ಶಾಲಿ, ಶಾಲೆ. ಬ್ಯಾಸರ, ಬೇಸರ. ಪುಟಗಟ್ಟಲೆ. ಎಲ್ಲದರ ಮೇಲೆ ಒಂದು ಸಾಲು: "ಆಕಿ ಗೆಳತ್ಯಾರು ಬಂದಾಗ ತಪ್ಪಬಾರದು." ವಯಸ್ಸು ಅಂದುಕೊಂಡಿದ್ದೆನಲ್ಲ, ಆ ಮೌನದಲ್ಲಿ ಅವರು ಸರಿಯಾದ ಮಾತು ಹುಡುಕುತ್ತಿದ್ದರು. ಕೊನೆಯಲ್ಲಿ, ಎಡಕ್ಕೆ, ಜ್ವಾಕಿ. ನಾನು ಹೊಸ್ತಿಲು ದಾಟಿದಾಗಲೆಲ್ಲ, ದಾರಿಯಲ್ಲಿ ನನಗೇನೂ ಆಗದಿರಲೆಂದು, "ಜ್ವಾಕಿ ಹೋಗಿ ಬಾ" ಅನ್ನುತ್ತಿದ್ದವರು. ಯಾವಾಗ ನಿಲ್ಲಿಸಿದರೋ ನಾನು ಗಮನಿಸಲೇ ಇಲ್ಲ. ಅದರ ಬಲಕ್ಕೆ ಖಾಲಿ.

ಕೋರ್ಸು ಮುಗಿಸಿದೆ. ವರ್ಷಗಳಾದವು. ಈಗ ಮನಿಗೆ ಬಂದವರು ಹೊಂಟಾಗ ಬಾಗಿಲತನಕ ಹೋಗಿ, "ಜ್ವಾಕಿ ಹೋಗ್ರಿ," ಅಂತೀನಿ. ಕಾನ್ವೆಂಟಿನ ನಾಲಿಗಿ, ಸರಿಯಾಗಿ ಹೊಳ್ಳಂಗಿಲ್ಲ. ಎಲ್ಲಿ ತಪ್ಪಿದೆ ಅಂತ ಹೇಳಾಕ ಅವರಿಲ್ಲ.